ಲಾಯರಮ್ಮನ ನಿದ್ದೆ ಮುಷ್ಕರ

ನನ್ನ ತಂಗಿಯ ಮಗಳಿಗೆ ಏಳು ವರ್ಷ. ಮಕ್ಕಳ ವಾರ್ಡಿನಲ್ಲಿ ಅವಳಿಗೆ ಲಾಯರಮ್ಮ ಎಂದು ಹೆಸರಿಟ್ಟವರು ಅಲ್ಲಿಯ ಹಿರಿಯ ನರ್ಸು. ಸೂಜಿ ಹಿಡಿದು ಬಂದವರನ್ನೆಲ್ಲ ಇವಳು ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಪಾಟೀಸವಾಲು ಮಾಡುತ್ತಿದ್ದಳು. ಯಾಕೆ ಚುಚ್ಚುತ್ತೀರಿ, ಎಷ್ಟು ತೆಗೆಯುತ್ತೀರಿ, ತೆಗೆದದ್ದು ಎಲ್ಲಿಗೆ ಹೋಗುತ್ತದೆ, ಮಿಕ್ಕರೆ ವಾಪಸು ಕೊಡುತ್ತೀರಾ? ತೆಗೆದದ್ದು ದೊಡ್ಡಮ್ಮನ ಲ್ಯಾಬಿಗೇ ಹೋಗುತ್ತದೆ ಎಂದು ಯಾರೋ ಬಾಯಿಬಿಟ್ಟ ಮೇಲೆ ಸವಾಲುಗಳೆಲ್ಲ ನನ್ನ ಕಡೆ ತಿರುಗಿದವು.

ಆ ದೊಡ್ಡಮ್ಮ ನಾನು. ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನನ್ನ ಕೆಲಸ. ರಕ್ತ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ರಕ್ತದ ಕ್ಯಾನ್ಸರ್ ಬಂದ ಮಕ್ಕಳ ಮಜ್ಜೆಯಿಂದ ಒಂದು ಚಮಚದಷ್ಟು ತೆಗೆದು ನಮಗೆ ಕಳಿಸುತ್ತಾರೆ. ನಾವು ಅದಕ್ಕೆ ಹೊಳೆಯುವ ಬಣ್ಣಗಳನ್ನು ಬೆರೆಸಿ ಫ್ಲೋ ಮಷೀನಿಗೆ ಬಿಡುತ್ತೇವೆ. ಜೀವಕೋಶಗಳು ಒಂದರ ಹಿಂದೆ ಒಂದು ಲೇಸರ್ ಬೆಳಕಿನ ಮುಂದೆ ಹಾದುಹೋಗುತ್ತವೆ, ಯಾವುದು ಯಾವ ಬಣ್ಣಕ್ಕೆ ಹೊಳೆಯಿತೋ ಅದಕ್ಕೆ ತಕ್ಕ ಜಾಗದಲ್ಲಿ ಪರದೆಯ ಮೇಲೆ ಒಂದು ಚುಕ್ಕೆ ಬೀಳುತ್ತದೆ. ಆ ಲಕ್ಷಗಟ್ಟಲೆ ಚುಕ್ಕೆಗಳ ನಡುವೆ ಕಾಯಿಲೆಯ ಕೋಶ ಉಳಿದಿದೆಯೋ ಇಲ್ಲವೋ ಎಂದು ಹೇಳುವುದು ನನ್ನ ಕಸುಬು. ಜಂಬ ಎನ್ನುವವರು ಎನ್ನಲಿ, ಈ ಕಸುಬಿನಲ್ಲಿ ನನ್ನ ಕಣ್ಣನ್ನು ಮೀರಿಸುವವರನ್ನು ನಾನಿನ್ನೂ ಕಂಡಿಲ್ಲ. ಬೇರೆಯವರು ತಲೆ ಕೆರೆದುಕೊಳ್ಳುವ ಚಿತ್ರವನ್ನು ನಾನು ನಿಂತ ಕಾಲಲ್ಲೇ ಓದಿ ಮುಂದಿನ ಕೆಲಸ ಹಿಡಿಯುತ್ತೇನೆ.

ಪಕ್ಕದ ಮೇಜಿನವರು ನನಗೆ ತದ್ವಿರುದ್ಧ. ಅವರನ್ನು ನಾವು ಆಮೆ ಎನ್ನುತ್ತೇವೆ. ಅವರ ಮುಂದೆಯೇ ಎನ್ನುತ್ತೇವೆ, ಅವರಿಗೆ ಬೇಸರವಿಲ್ಲ. ಒಂದು ಚಿತ್ರದ ಮುಂದೆ ಕೂತರೆ ಅವರ ಟೀ ಆರಿ ತಣ್ಣಗಾಗಿ ಮೇಲೆ ಕೆನೆ ಕಟ್ಟಬೇಕು, ಆಗಲೇ ಅವರು ಬಾಯಿ ತೆರೆಯುವುದು. ಇಷ್ಟು ವರ್ಷ ಅಕ್ಕಪಕ್ಕ ಕೂತು ನಾವು ಜಗಳವಾಡದ ವಾರವಿಲ್ಲ. ಆದರೂ ಪ್ರತಿ ರಿಪೋರ್ಟಿಗೆ ಇಬ್ಬರ ಸಹಿ ಬೇಕಾದ್ದರಿಂದ ಒಬ್ಬರನ್ನೊಬ್ಬರು ಸಹಿಸಿಕೊಂಡಿದ್ದೆವು.

ಲಾಯರಮ್ಮನ ಚಿಕಿತ್ಸೆಯ ಮೊದಲ ಹಂತ ಮುಗಿದಾಗ ಅವಳ ಮಜ್ಜೆಯಲ್ಲಿ ಕಾಯಿಲೆಯ ಕೋಶ ಚೂರುಪಾರು ಉಳಿದಿತ್ತು. ಎರಡನೆಯ ಹಂತದ ಔಷಧಿ ಮುಗಿದ ಮೇಲೆ ಇನ್ನೊಮ್ಮೆ ನೋಡುವುದು, ಆಗಲೂ ಉಳಿದಿದ್ದರೆ ಭಾರಿ ಔಷಧಿ ಕೊಟ್ಟು ಬೇರೆಯವರ ಮಜ್ಜೆ ಹಾಕುವುದು, ಇಲ್ಲದಿದ್ದರೆ ಈಗಿನ ದಾರಿಯಲ್ಲೇ ಮುಂದುವರಿಯುವುದು ಎಂದು ಮಕ್ಕಳ ಡಾಕ್ಟರು ತಂಗಿಗೆ ಬಿಡಿಸಿ ಹೇಳಿದ್ದರು. ಮಜ್ಜೆ ಬದಲಿಸುವುದೆಂದರೆ ಹುಡುಗಾಟವಲ್ಲ. ಆ ಭಾರಿ ಔಷಧಿಯನ್ನೇ ತಡೆದುಕೊಳ್ಳಲಾಗದ ಮಕ್ಕಳೂ ಇರುತ್ತಾರೆ. ಹಾಗಾಗಿ ಮನೆಯವರ ಜೀವವೆಲ್ಲ ಆ ಎರಡನೆಯ ಪರೀಕ್ಷೆಯ ಮೇಲೆ ನಿಂತಿತ್ತು.

ಪರೀಕ್ಷೆಗೆ ಇನ್ನೂ ಕೆಲವು ದಿನ ಇರುವಾಗ ಒಂದು ಮಧ್ಯಾಹ್ನ ನಾನು ವಾರ್ಡಿಗೆ ಹೋದೆ. ಲಾಯರಮ್ಮ ಹೊದಿಕೆ ಎಳೆದುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ಮಲಗಿದ್ದಳು. ಪಕ್ಕದಲ್ಲಿ ಕಹಿ ಮಾತ್ರೆ ಹಿಡಿದು ತಂಗಿ ನಿಂತಿದ್ದಳು.

"ಮಲಗಿಬಿಟ್ಟಿದಾಳೆ ಅಕ್ಕ. ಆಗ್ಲಿಂದ ಕರೀತಿದೀನಿ."

"ನಿದ್ದೆ ಮಾಡೋರನ್ನ ಎಬ್ಬಿಸ್ಬಹುದು ಕಣೇ, ನಿದ್ದೆ ಮಾಡೋ ಹಾಗೆ ನಟಿಸೋರನ್ನ ಎಬ್ಬಿಸೋಕಾಗಲ್ಲ," ಎಂದು ಜೋರಾಗಿಯೇ ಹೇಳಿ ಅವಳ ಅಂಗಾಲಿಗೆ ಕಚಗುಳಿ ಇಟ್ಟೆ. ಒಂದು ಕಣ್ಣು ತೆರೆಯಿತು. ಕಿಸಕ್ಕನೆ ನಗು ಬಂತು. ಮಾತ್ರೆ ಒಳಗೆ ಹೋಯಿತು, ಹಿಂದೆಯೇ ಸವಾಲು ಹೊರಗೆ ಬಂತು.

"ದೊಡ್ಡಮ್ಮ, ಇಷ್ಟೊಂದು ಔಷಧಿ ಕೊಟ್ರೂ ಯಾಕೆ ಸ್ವಲ್ಪ ಉಳ್ಕೊಂಡಿತ್ತು?"

ಮಕ್ಕಳಿಗೆ ಸುಳ್ಳು ಹೇಳುವುದು ನನಗೆ ಆಗದು. "ನೋಡು, ಔಷಧಿ ಹಿಡಿಯೋದು ಗಲಾಟೆ ಮಾಡ್ತಿರೋ ಕೋಶಗಳನ್ನ. ಒಂದು ಎರಡಾಗ್ತಾ, ಎರಡು ನಾಲ್ಕಾಗ್ತಾ ಇರ್ತವಲ್ಲ, ಅವನ್ನ. ಕೆಲವು ಮಾತ್ರ ಮೂಲೇಲಿ ಮಲಗಿಬಿಟ್ಟಿರ್ತವೆ. ಔಷಧಿ ಅವನ್ನ ಗಮನಿಸೋದೇ ಇಲ್ಲ. ಅವಕ್ಕೆ ಕಾಂಡಕೋಶ ಅಂತಾರೆ. ಅವು ಯಾವತ್ತಾದ್ರೂ ಎದ್ರೆ ಅವುಗಳಿಂದ್ಲೇ ಮತ್ತೆ ಎಲ್ಲಾ ಶುರು."

"ಕಾಂಡ ಅಂದ್ರೆ ಗಿಡದ್ದಲ್ವಾ? ಬೇರು, ಕಾಂಡ, ಎಲೆ?"

"ಅದೇ. ಗಿಡ ಕಡಿದ್ರೂ ಮೋಟು ಕಾಂಡ ಚಿಗುರುತ್ತಲ್ಲ, ಹಾಗೆ."

ಅವಳ ಅಪ್ಪ ಪತ್ರಿಕೆಯೊಂದರ ಪ್ರೆಸ್ಸಿನಲ್ಲಿ ಕೆಲಸ ಮಾಡುವವನು. ಕಿಟಕಿಯ ಹತ್ತಿರ ಕೂತಿದ್ದವನು, "ನಮ್ ಪೇಪರ್‌ನಲ್ಲಿ ಕಾಂಡ ಅಂದ್ರೆ ಹಗರಣ, ಅತ್ತಿಗೆ. ಇದೂ ಒಂದು ಹಗರಣಾನೇ ಬಿಡಿ," ಎಂದ. ಅವನು ತಮಾಷೆ ಮಾಡಿ ಎಷ್ಟೋ ದಿನವಾಗಿತ್ತು. ಎಲ್ಲರೂ ಬೇಕೆಂದೇ ಸ್ವಲ್ಪ ಹೆಚ್ಚು ನಕ್ಕೆವು.

ನಿಜ ಏನೆಂದರೆ, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಈ ಬಗೆಯ ಕಾಯಿಲೆಗೆ ಕಾಂಡಕೋಶವೆಂಬ ಪ್ರತ್ಯೇಕ ತಾಯಿಕೋಶಗಳು ಇವೆಯೋ, ಅಥವಾ ಯಾವ ಕೋಶ ಬೇಕಾದರೂ ಸಮಯ ಬಂದಾಗ ತಾಯಿಯಾಗಬಲ್ಲದೋ ಎಂದು ಬಲ್ಲವರೇ ಇನ್ನೂ ಜಗಳವಾಡುತ್ತಿದ್ದಾರೆ. ಕೆಲವು ಕೋಶಗಳು ಸುಮ್ಮನೆ ಮುದುಡಿಕೊಂಡು ಔಷಧಿಯಿಂದ ತಪ್ಪಿಸಿಕೊಳ್ಳುತ್ತವೆ ಎಂಬುದರಲ್ಲಿ ಜಗಳ ಕಡಿಮೆ. ಏಳು ವರ್ಷದವಳಿಗೆ ಆ ರಗಳೆಯೆಲ್ಲ ಏಕೆಂದು ನಾನು ಸುಲಭ ಮಾಡಿ ಹೇಳಿದ್ದೆ. ಸುಲಭ ಮಾಡಿದ್ದೇ ಎಡವಟ್ಟಾಯಿತು.

"ದೊಡ್ಡಮ್ಮ, ಅವು ನಿಜವಾಗ್ಲೂ ಮಲಗಿದಾವಾ, ನಟಿಸ್ತಿದಾವಾ?"

ಅಷ್ಟರಲ್ಲಿ ಲ್ಯಾಬಿನಿಂದ ಫೋನ್ ಬಂತು. ಉತ್ತರ ಕೊಡದೆ ಎದ್ದು ಹೋದೆ.

ಮಾರನೆಯ ದಿನದಿಂದ ಲಾಯರಮ್ಮ ಮಲಗುವುದನ್ನು ಬಿಟ್ಟಳು. ವಾರ್ಡಿನಲ್ಲಿ ಊಟವಾದ ಮೇಲೆ ಪರದೆ ಎಳೆದು ಮಕ್ಕಳನ್ನೆಲ್ಲ ಮಲಗಿಸುತ್ತಾರೆ. ಇವಳು ಮಂಚದ ಮೇಲೆ ನಿಂತು ಕುಣಿದಳು. ತನ್ನ ಹೊಟ್ಟೆಗೂ ಮೊಣಕಾಲಿಗೂ ಗುದ್ದಿಕೊಂಡು, "ಏಳ್ರೋ, ಏಳ್ರೋ, ಬೆಳಗಾಯ್ತು," ಎಂದು ಕೂಗಿದಳು. ಪಕ್ಕದ ಮಂಚದ ಪುಟ್ಟ ಮಗು ಎದ್ದು ಅಳತೊಡಗಿತು. ಹಿರಿಯ ನರ್ಸು ಓಡಿ ಬಂದು ಕೇಳಿದರೆ, ನಮ್ಮ ಲಾಯರಮ್ಮನ ವಾದ ಸ್ಪಷ್ಟವಾಗಿತ್ತು. ಮಲಗಿರುವವರನ್ನು ಔಷಧಿ ಹಿಡಿಯುವುದಿಲ್ಲ. ನಾನು ಮಲಗಿದರೆ ಅವೂ ಮಲಗುತ್ತವೆ. ನಾನು ಎದ್ದಿದ್ದರೆ ಅವೂ ಏಳಲೇಬೇಕು. ಎದ್ದ ಕೂಡಲೇ ಔಷಧಿ ಹಿಡಿಯುತ್ತದೆ. ಇದನ್ನು ಹೇಳಿದವಳು ಸಾಕ್ಷಾತ್ ಲ್ಯಾಬಿನ ದೊಡ್ಡಮ್ಮ.

ಮಕ್ಕಳ ಡಾಕ್ಟರು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮಲಗಿದ ಕೋಶಗಳನ್ನು ಮೊದಲು ಎಬ್ಬಿಸಿ ಆಮೇಲೆ ಹೊಡೆಯುವುದು ಹೇಗೆ ಎಂದು ದೊಡ್ಡ ದೊಡ್ಡ ಪ್ರಯೋಗಾಲಯಗಳೇ ತಲೆ ಕೆಡಿಸಿಕೊಂಡಿವೆ, ಇವಳು ಮಂಚದ ಮೇಲೆ ಕುಣಿದೇ ಕಂಡುಹಿಡಿದಳಲ್ಲ ಎಂದರಂತೆ. ಆದರೆ ನಗು ಎಷ್ಟು ದಿನ? ಹುಡುಗಿ ಕೂತಲ್ಲೇ ತೂಕಡಿಸುವಳು, ತಲೆ ವಾಲಿದ ಕೂಡಲೇ ಬೆಚ್ಚಿ ಎದ್ದು ಕೆನ್ನೆಗೆ ಹೊಡೆದುಕೊಳ್ಳುವಳು. ಮುಖ ಬಾಡಿ ಹೀರೆಕಾಯಿಯಾಯಿತು. ನಾನು ಹೋಗಿ, "ಅದು ಸುಮ್ನೆ ಮಾತಿಗೆ ಹೇಳಿದ್ದು ಪುಟ್ಟಿ, ಆ ನಿದ್ದೆ ಬೇರೆ, ನಿನ್ನ ನಿದ್ದೆ ಬೇರೆ," ಎಂದರೆ, ಅವಳು ಕೆಂಪಾದ ಕಣ್ಣಲ್ಲಿ ನನ್ನನ್ನು ದಿಟ್ಟಿಸಿ, "ಆವತ್ತು ನಿದ್ದೆ ಅಂದೆ, ಇವತ್ತು ಬೇರೆ ಅಂತೀಯ. ಯಾವ್ದು ಸುಳ್ಳು?" ಎಂದು ಕೇಳಿದಳು. ಇಂಥ ಲಾಯರು ಎದುರು ಪಕ್ಷಕ್ಕೆ ಸಿಗದಿರಲಿ.

ಪರೀಕ್ಷೆಯ ದಿನ ತಂಗಿ ಲ್ಯಾಬಿನ ಬಾಗಿಲಿಗೇ ಬಂದು ನಿಂತಳು.

"ಅಕ್ಕ, ನೀನೇ ನೋಡು. ನಿನ್ನ ಕಣ್ಣು ಬಿಟ್ರೆ ನಂಗೆ ಇನ್ಯಾರ ಮೇಲೂ ನಂಬಿಕೆ ಇಲ್ಲ."

"ಸ್ವಂತದವರ ಸ್ಯಾಂಪಲ್ಲು ನೋಡೋ ಹಾಗಿಲ್ಲ ಕಣೇ. ಹಾಗಂತ ರೂಲ್ ಮಾಡಿದೋಳೇ ನಾನು."

"ನಿನ್ನ ರೂಲಿಗಿಂತ ನನ್ನ ಮಗು ಹೆಚ್ಚಲ್ವಾ?"

"ಹೆಚ್ಚು ಅಂತಾನೇ ರೂಲು," ಎಂದೆ. ಅವಳು ಮುಖ ತಿರುಗಿಸಿಕೊಂಡು ಹೋದಳು. ಅವಳ ಸಿಟ್ಟು ನನಗೆ ಗೊತ್ತು, ನಮ್ಮಿಬ್ಬರದೂ ಒಂದೇ ಅಂಗಡಿಯ ಸಾಮಾನು.

ಸ್ಯಾಂಪಲ್ಲು ಆಮೆಯ ಮೇಜಿಗೆ ಹೋಯಿತು. ಎರಡನೆಯ ಸಹಿ ಮಾಡಬೇಕಾದವರು ಇನ್ನೊಂದು ಆಸ್ಪತ್ರೆಯ ಲ್ಯಾಬಿನವರು, ಅವರು ತಮ್ಮ ಕಂಪ್ಯೂಟರಿನಲ್ಲೇ ನೋಡಿ ಮಾರನೆಯ ಬೆಳಿಗ್ಗೆ ಹೇಳುತ್ತಾರೆ ಎಂದು ಏರ್ಪಾಡಾಗಿತ್ತು. ನಾನು ನನ್ನ ಕೆಲಸ ನೋಡಿಕೊಂಡು ತೆಪ್ಪಗಿರಬೇಕಿತ್ತು. ತೆಪ್ಪಗಿರುವುದು ನನ್ನ ಜಾತಕದಲ್ಲಿಲ್ಲ. ನೀರಿನ ಬಾಟಲಿ ಆಮೆಯ ಮೇಜಿನ ಮೇಲೆ ಉಳಿದಿದೆ ಎಂಬ ನೆಪದಲ್ಲಿ ಎದ್ದೆ. ಬಾಟಲಿಯನ್ನು ಅಲ್ಲಿಟ್ಟವಳೂ ನಾನೇ.

ಪರದೆಯ ಮೇಲೆ ಚುಕ್ಕೆಗಳು ಬಿದ್ದಿದ್ದವು. ಮೇಲಿನ ಎಡಮೂಲೆಯಲ್ಲಿ, ಏನೂ ಇರದಿರಲಿ ಎಂದು ಬೇಡಿಕೊಂಡಿದ್ದ ಜಾಗದಲ್ಲಿ, ಒಂದು ಗುಂಪು. ಅದೇ ಜಾಗದಲ್ಲಿ ಅವಳ ಕಾಯಿಲೆಯ ಕೋಶಗಳು ಮೊದಲ ಸಲ ಕಂಡಿದ್ದವೆಂದು ಹಳೆಯ ರಿಪೋರ್ಟಿನಲ್ಲಿ ಓದಿದ್ದೆ.

"ಉಳಿದಿದೆ," ಎಂದೆ.

ಆಮೆ ತಿರುಗಿಯೂ ನೋಡಲಿಲ್ಲ. "ಮೇಡಂ, ನಿಮ್ಮ ರೂಲು. ದಯವಿಟ್ಟು ಹೋಗಿ."

"ಕಣ್ಣಿಗೆ ಹೊಡೀತಿದೆಯಲ್ರೀ! ಇನ್ನೇನು ನೋಡ್ಬೇಕು ನಿಮಗೆ?"

"ಅದನ್ನೇ ನೋಡ್ತಿದೀನಿ. ಏನು ನೋಡ್ಬೇಕು ಅಂತ."

ಇಂಥ ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತದೆ. ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಮಕ್ಕಳ ಡಾಕ್ಟರ ಕೋಣೆಗೆ ನುಗ್ಗಿದೆ. ಆಮೆ ತೆವಳುತ್ತ ರಿಪೋರ್ಟು ಮುಟ್ಟಿಸುವ ಹೊತ್ತಿಗೆ ಒಂದು ದಿನ ವ್ಯರ್ಥವಾಗುತ್ತದೆ, ಆ ಒಂದು ದಿನವನ್ನು ಮಲಗಿದ್ದವುಗಳ ಕೈಗೆ ಕೊಡಬಾರದು ಎಂಬುದೊಂದೇ ನನ್ನ ತಲೆಯಲ್ಲಿ ಓಡುತ್ತಿತ್ತು.

"ಉಳಿದಿದೆ ಡಾಕ್ಟ್ರೇ. ಕಣ್ಣಾರೆ ನೋಡ್ದೆ."

"ನೀವು ಹೇಳಿದ ಮೇಲೆ ಮುಗೀತು ಬಿಡಿ ಮೇಡಂ. ರಿಪೋರ್ಟ್ ಆಮೇಲೆ ಬರ್ಲಿ. ಮಜ್ಜೆ ಬದಲಿಸೋ ವಾರ್ಡಿಗೆ ಹೇಳಿಬಿಡ್ತೀನಿ, ನಿಮ್ಮ ತಂಗೀನೂ ಕರೆಸ್ತೀನಿ," ಎಂದು ಡಾಕ್ಟರು ಮೇಜಿನ ಮೇಲಿನ ಫೋನ್ ಎತ್ತಿಕೊಂಡರು.

ನೀವು ಹೇಳಿದ ಮೇಲೆ ಮುಗೀತು. ಈ ಮಾತನ್ನು ನಾನು ಎಷ್ಟು ಸಲ ಕೇಳಿ ಒಳಗೊಳಗೇ ಹಿಗ್ಗಿದ್ದೇನೋ ಲೆಕ್ಕವಿಲ್ಲ. ಆವತ್ತು ಮಾತ್ರ ಅದು ಕಿವಿಗೆ ಬಿದ್ದಾಗ ಹಿಗ್ಗು ಬರಲಿಲ್ಲ. ನಾನು ಏನು ನೋಡಿದ್ದೆ? ಒಂದು ಗುಂಪು. ಎಷ್ಟು ಹೊತ್ತು? ಬಾಟಲಿ ಎತ್ತಿಕೊಳ್ಳುವಷ್ಟು ಹೊತ್ತು. ಬೇರೆ ಯಾರದೋ ಮಗುವಿನ ಚಿತ್ರವಾಗಿದ್ದರೆ ಇಷ್ಟಕ್ಕೇ ಬಾಯಿ ಬಿಡುತ್ತಿದ್ದೆನೇ? ಖಂಡಿತ ಇಲ್ಲ. ನಾನು ಬೇಗ ಓದುತ್ತೇನೆ ನಿಜ, ಆದರೆ ಓದಿಯೇ ಹೇಳುತ್ತೇನೆ. ಇಲ್ಲಿ ಓದಿರಲೇ ಇಲ್ಲ, ಹೆದರಿದ್ದೆ.

ಕೈ ಚಾಚಿ ಫೋನಿನ ಗುಂಡಿ ಅದುಮಿ ಹಿಡಿದೆ.

"ಇಡಿ ಡಾಕ್ಟ್ರೇ. ಈಗ ಹೇಳಿದ್ದು ದೊಡ್ಡಮ್ಮ. ಲ್ಯಾಬಿನವಳು ಇನ್ನೂ ನೋಡಿಲ್ಲ."

ಅವರು ಫೋನ್ ಕೆಳಗಿಟ್ಟರು. "ಹಾಗಾದ್ರೆ ಏನು ಮಾಡೋಣ?"

"ಏನೂ ಮಾಡ್ಬೇಡಿ. ಆಮೆ ಹೇಳೋ ತನಕ ಏನೂ ಮಾಡ್ಬೇಡಿ. ನಾನೇ ಬಂದು ಹೇಳಿದ್ರೂ ಮಾಡ್ಬೇಡಿ," ಎಂದೆ.

ಹೊರಗೆ ಕಾರಿಡಾರಿನಲ್ಲಿ ತಂಗಿ ಎದುರಾದಳು. ನನ್ನ ಮುಖ ನೋಡಿ ಅವಳ ಕಾಲು ಅಲ್ಲಿಯೇ ನಿಂತಿತು. "ಇನ್ನೂ ಏನೂ ಗೊತ್ತಾಗಿಲ್ಲ ಕಣೇ, ದೇವರಾಣೆ," ಎಂದು ಹೇಳಿ ಕೆಳಗಿಳಿದೆ. ಅದು ಸುಳ್ಳಾಗಿರಲಿಲ್ಲ.

ಆಮೆಯ ಟೀ ಕೆನೆ ಕಟ್ಟಿತ್ತು. ಅದು ಒಳ್ಳೆಯ ಲಕ್ಷಣ. ಅವರು ಉಳಿದ ಸ್ಯಾಂಪಲ್ಲಿಗೆ ಇನ್ನಷ್ಟು ಬಣ್ಣಗಳನ್ನು ಬೆರೆಸಿ ಎರಡನೆಯ ಸಲ ಮಷೀನಿಗೆ ಬಿಟ್ಟಿದ್ದರು.

"ನೋಡ್ಬೇಕಾ?" ಎಂದು ಕೇಳಿದರು.

"ನೋಡ್ಬೇಕು."

"ಕೂತ್ಕೊಳ್ಳಿ. ಮೌಸ್ ಮುಟ್ಬೇಡಿ. ಮಾತಾಡ್ಬೇಡಿ. ಸಹಿ ಹೇಗೂ ನಿಮ್ಮದಲ್ಲ."

ನನ್ನ ಮೇಲೆ ಹೀಗೆ ಯಾರೂ ಯಜಮಾನಿಕೆ ಮಾಡಿರಲಿಲ್ಲ. ಶಾಲೆಯ ಹುಡುಗಿಯಂತೆ ಕೈಕಟ್ಟಿ ಕೂತೆ.

ಅವರು ಆ ಗುಂಪನ್ನು ಬೇರೆ ಬಣ್ಣಗಳ ಲೆಕ್ಕದಲ್ಲಿ ಪರದೆಯ ಮೇಲೆ ಹರಡಿದರು. ಗುಂಪು ಗುಂಪಾಗಿ ಉಳಿಯಲಿಲ್ಲ. ಉದ್ದಕ್ಕೆ ಬಿಚ್ಚಿಕೊಂಡಿತು. ಒಂದು ತುದಿಯಲ್ಲಿ ತೀರಾ ಎಳೆಯ ಕೋಶಗಳು, ಅವುಗಳ ಹಿಂದೆ ಕೊಂಚ ಬಲಿತವು, ಅವುಗಳ ಹಿಂದೆ ಇನ್ನೂ ಬಲಿತವು, ಕೊನೆಯಲ್ಲಿ ಪೂರ್ತಿ ಬೆಳೆದವು. ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಪುಟ್ಟ ಮಕ್ಕಳನ್ನು ಮುಂದಿಟ್ಟು ಎತ್ತರದವರನ್ನು ಹಿಂದೆ ನಿಲ್ಲಿಸುತ್ತಾರಲ್ಲ, ಹಾಗೆ ಸಾಲು ಎಲ್ಲಿಯೂ ಮುರಿಯದೆ ನಿಂತಿತ್ತು.

ನನಗೆ ಇದು ಗೊತ್ತಿಲ್ಲದ್ದೇನಲ್ಲ, ಎಷ್ಟೋ ಜನಕ್ಕೆ ಕಲಿಸಿದವಳೇ ನಾನು. ಕಾಯಿಲೆಯ ಕೋಶಗಳು ಒಂದೇ ತರಗತಿಯಲ್ಲಿ ವರ್ಷಗಟ್ಟಲೆ ಫೇಲಾಗಿ ಕೂತ ಪುಂಡರು. ಮುಂದಕ್ಕೆ ಹೋಗುವುದಿಲ್ಲ, ಎಲ್ಲವೂ ಒಂದೇ ಬೆಂಚಿನಲ್ಲಿ ಒತ್ತಿಕೊಂಡಿರುತ್ತವೆ. ಆದರೆ ಔಷಧಿಯ ಹೊಡೆತ ನಿಂತ ಮೇಲೆ ಮಜ್ಜೆಯ ಒಳ್ಳೆಯ ಕಾಂಡಕೋಶಗಳು ಏಳುತ್ತವೆ. ಹೌದು, ಒಳ್ಳೆಯದರಲ್ಲೂ ಕಾಂಡಕೋಶ ಇದೆ, ನಮ್ಮೆಲ್ಲರ ರಕ್ತ ಹುಟ್ಟುವುದು ಅವುಗಳಿಂದಲೇ. ಅವು ಹಡೆಯುವ ಎಳೆಯ ಕೋಶಗಳು ಮೊದಲ ನೋಟಕ್ಕೆ ಥೇಟ್ ಕಾಯಿಲೆಯ ಕೋಶಗಳಂತೆಯೇ ಕಾಣುತ್ತವೆ. ಆದರೆ ಇವು ತರಗತಿಯಿಂದ ತರಗತಿಗೆ ಪಾಸಾಗುತ್ತ ಹೋಗುತ್ತವೆ. ನಾನು ಕಳ್ಳರೆಂದು ಕೂಗಿದ್ದು ಮನೆಯ ಮಕ್ಕಳನ್ನು ನೋಡಿ.

ಆಮೆ ಪುಂಡರಿಗಾಗಿ ಮೂಲೆಮೂಲೆ ತಡಕಿದರು. ಸಾಲು ಬಿಟ್ಟು ನಿಂತದ್ದು ಒಂದೂ ಸಿಗಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ಕಣ್ಣೀರು ತಾನಾಗಿಯೇ ಇಳಿಯಿತು. ಮಾತಾಡಬೇಡಿ ಎಂದಿದ್ದರೇ ಹೊರತು ಅಳಬೇಡಿ ಎಂದಿರಲಿಲ್ಲವಲ್ಲ.

ಅವರು ತಣ್ಣನೆಯ ಟೀಯನ್ನು ಒಂದೇ ಗುಟುಕಿಗೆ ಕುಡಿದು, "ಈಗ ಬಾಟ್ಲು ತೊಗೊಂಡು ಹೋಗಿ ಮೇಡಂ," ಎಂದರು.

ಮಾರನೆಯ ಬೆಳಿಗ್ಗೆ ಇನ್ನೊಂದು ಲ್ಯಾಬಿನವರೂ ಅದನ್ನೇ ಹೇಳಿದರು. ಡಾಕ್ಟರು ತಂಗಿಯನ್ನು ಕೂರಿಸಿ, ಕಾಯಿಲೆಯ ಕೋಶ ಕಾಣಿಸಲಿಲ್ಲ, ಹೊಸ ರಕ್ತ ಚೆನ್ನಾಗಿ ಹುಟ್ಟುತ್ತಿದೆ, ಮಜ್ಜೆ ಬದಲಿಸುವುದು ಬೇಕಿಲ್ಲ ಎಂದರು. ತಂಗಿ ಅತ್ತು ಮುಗಿಸಿ ನನ್ನ ಭುಜಕ್ಕೊಂದು ಗುದ್ದು ಕೊಟ್ಟಳು. "ನಿನ್ನೆ ಕಾರಿಡಾರ್‌ನಲ್ಲಿ ಆ ಸುಟ್ಟ ಮುಖ ಯಾಕೆ ತೋರಿಸ್ದೆ? ರಾತ್ರಿಯೆಲ್ಲ ಸತ್ತು ಬದುಕಿದೀನಿ." ಅವಳಿಗೆ ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿ, "ಆಮೆಯವರನ್ನ ಊಟಕ್ಕೆ ಕರಿ," ಎಂದಳು.

ಮಧ್ಯಾಹ್ನ ವಾರ್ಡಿಗೆ ಹೋದೆ. ಪರದೆ ಎಳೆದಿದ್ದರು. ಉಳಿದ ಮಕ್ಕಳೆಲ್ಲ ಮಲಗಿದ್ದರು. ಲಾಯರಮ್ಮ ಗೋಡೆಗೆ ಒರಗಿ, ಬೊಂಬೆಯನ್ನು ತಬ್ಬಿಕೊಂಡು, ತೂಕಡಿಸುತ್ತ ಕಾದಿದ್ದಳು. ಅವಳ ಅಮ್ಮ ಹೇಳಿದ್ದೆಲ್ಲ ಅವಳಿಗೆ ಸಾಲದು, ಸಾಕ್ಷಿಯ ಬಾಯಿಂದಲೇ ಬರಬೇಕು.

"ಮಲಗಿದ್ದೋರೆಲ್ಲ ಹೋದ್ರಾ?"

"ನಮ್ಮ ಮಷೀನಿಗೆ ಒಬ್ರೂ ಸಿಗ್ಲಿಲ್ಲ. ಹೊಸ ಮಕ್ಕಳು ಬಂದಿದಾರೆ. ಎಲ್ಲಾ ಸಾಲಾಗಿ ಸ್ಕೂಲಿಗೆ ಹೋಗ್ತಿದಾರೆ, ನಾನೇ ನೋಡ್ದೆ."

"ಮಷೀನಿಗೂ ಕಾಣದ ಹಾಗೆ ಒಬ್ಬ ಮಲಗಿದ್ರೆ?"

ಇದೇ ಸವಾಲನ್ನು ದೊಡ್ಡ ದೊಡ್ಡವರು ದೊಡ್ಡ ದೊಡ್ಡ ಸಭೆಗಳಲ್ಲಿ ಕೇಳುತ್ತಾರೆ. ಇಲ್ಲ ಎಂದು ಹೇಳಿಬಿಡಬಹುದಿತ್ತು. ಹೇಳಲಿಲ್ಲ.

"ಇರ್ಬಹುದು. ಅದಕ್ಕೇ ಇನ್ನೂ ತುಂಬಾ ದಿನ ಮಾತ್ರೆ ಕೊಡೋದು. ಮಲಗಿರೋನು ಮಲಗಿದ್ರೆ ಏನೂ ತೊಂದ್ರೆ ಇಲ್ಲ. ಯಾವತ್ತು ಕಣ್ಣು ಬಿಟ್ಟು ಹೊರಗೆ ಬರ್ತಾನೋ, ಆವತ್ತು ಮಾತ್ರೆ ಬಾಗಿಲಲ್ಲೇ ನಿಂತಿರುತ್ತೆ."

"ಹಗಲೂ ರಾತ್ರಿ?"

"ಹಗಲೂ ರಾತ್ರಿ."

"ನಾನು ಮಲಗಿದ್ರೂ?"

"ನೀನು ಮಲಗಿದ್ರೂ ಅದು ಮಲಗಲ್ಲ."

ಲಾಯರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇದನ್ನ ಆವತ್ತೇ ಹೇಳೋಕೆ ಏನಾಗಿತ್ತು ನಿಂಗೆ?"

ತಪ್ಪಾಯಿತೆಂದು ಒಪ್ಪಿಕೊಂಡೆ. ಅವಳು ಬೊಂಬೆಯನ್ನು ಪಕ್ಕಕ್ಕೆ ಸರಿಸಿ, ನನ್ನ ತೊಡೆಯ ಮೇಲೆ ಕಾಲು ಚಾಚಿ ಮಲಗಿದಳು. ಹೊಸ ಮಕ್ಕಳಿಗೆ ಸ್ಕೂಲಿನಲ್ಲಿ ಹೋಂವರ್ಕ್ ಕೊಡುತ್ತಾರಾ ಎಂದು ಕೇಳಿದಳು. ಕೊಡುತ್ತಾರೆ ಎಂದೆ. ಪಾಪ ಎಂದಳು. ಆಮೇಲೆ ಸದ್ದಿಲ್ಲ.

ಹಿರಿಯ ನರ್ಸು ಮಾತ್ರೆಯ ತಟ್ಟೆ ಹಿಡಿದು ಬಂದರು. ಮಾತ್ರೆ ಕಂಡ ಕೂಡಲೇ ಕಣ್ಣು ಮುಚ್ಚುವ ಅವಳ ವಿದ್ಯೆ ನನಗೆ ಗೊತ್ತಿಲ್ಲವೇ?

"ನಟಿಸ್ತಿದಾಳೆ, ನೋಡಿ ಬೇಕಾದ್ರೆ," ಎಂದು ಪೂರ್ತಿ ನಂಬಿಕೆಯಿಂದ ಹೇಳಿ ಅಂಗಾಲಿಗೆ ಕಚಗುಳಿ ಇಟ್ಟೆ.

ಕಾಲು ಅಲುಗಲಿಲ್ಲ. ಇನ್ನೊಂದು ಕಾಲಿಗೆ ಇಟ್ಟೆ. ಬಾಯಿ ಕೊಂಚ ತೆರೆದಿತ್ತು, ಉಸಿರು ನಿಧಾನವಾಗಿ ಏರಿಳಿಯುತ್ತಿತ್ತು. ಎರಡು ದಿನದಲ್ಲಿ ಎರಡನೆಯ ಸಲ ನನ್ನ ತೀರ್ಪು ತಪ್ಪಾಗಿತ್ತು.

"ನಿಜವಾಗ್ಲೂ ಮಲಗಿದಾಳೆ ಮೇಡಂ," ಎಂದು ನರ್ಸು ಪಿಸುಗುಟ್ಟಿದರು. "ಮಾತ್ರೆಗೆ ಎಬ್ಬಿಸ್ಲಾ?"

"ಸ್ವಲ್ಪ ತಡೀರಿ," ಎಂದೆ. "ನಿದ್ದೆ ಮಾಡೋರನ್ನ ಯಾವಾಗ ಬೇಕಾದ್ರೂ ಎಬ್ಬಿಸ್ಬಹುದು."